ಚುಕ್ಕೆ ಗೆರೆಯ ಅಂಗಡಿಗಳು

ಹಳೇ ಮನೆ, ಮಹಡಿಯ ಕೋಣೆ
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ತಮ್ಮ ಪಿನ್ನು,

ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತೇನೆ ಎಂದು ಹೋದ ಪತ್ರದಲ್ಲಿ ಬರೆದಿದ್ದೆ. ಗೋಡೆ ಹಿಡಿಯುವುದು ತಪ್ಪಲ್ಲ, ಡಾಕ್ಟರಿಗೆ ತೋರಿಸದೆ ಕೂತಿರುವುದು ತಪ್ಪು. ಈ ಪತ್ರ ನಿನಗಿಂತ ಮೊದಲು ನಾದಿನಿಯ ಕೈಗೆ ಸಿಕ್ಕರೆ ಅವಳೇ ನಿನ್ನನ್ನು ಎಳೆದುಕೊಂಡು ಹೋಗಲಿ. ನನ್ನ ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಓದುವುದಕ್ಕೆ ತೊಂದರೆಯಿಲ್ಲ. ಕೈ ಮಾತ್ರ ಸ್ವಲ್ಪ ನಡುಗುತ್ತದೆ, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ಕ್ಷೇಮಸಮಾಚಾರ ಇಷ್ಟು. ಮುಂದಿನದನ್ನು ಕೂತು ಓದು. ಇಪ್ಪತ್ತೇಳು ವರ್ಷದಿಂದ ನಿನಗೆ ಹೇಳದೆ ಇಟ್ಟುಕೊಂಡ ಒಂದು ಸಂಗತಿ ಇದರಲ್ಲಿದೆ. ಓದಿದ ಮೇಲೆ ನೀನು ನನಗೆ ಬರೆಯುವುದನ್ನೇ ನಿಲ್ಲಿಸಬಹುದು. ಮುಂದಿನ ತಿಂಗಳ ಒಂದನೇ ತಾರೀಕು ಅದು ಊರಿಗೆಲ್ಲ ಗೊತ್ತಾಗುತ್ತದೆ, ಯಾರಾದರೂ ನಿನಗೂ ತಲುಪಿಸುತ್ತಾರೆ. ಅದಕ್ಕಿಂತ ಮೊದಲು ನನ್ನ ಕೈಯಿಂದಲೇ ತಿಳಿಯಲಿ ಎಂದು ಕೂತಿದ್ದೇನೆ.

ಆ ಮಾಲ್‌ನೊಳಗೆ ಕಾಲಿಡುವುದಿಲ್ಲ ಎಂದು ಅದು ಶುರುವಾದ ದಿನವೇ ಹೇಳಿಕೊಂಡಿದ್ದೆನಲ್ಲ, ಇಪ್ಪತ್ತೈದು ವರ್ಷ ಆ ಮಾತು ನಡೆಸಿದೆ. ಊರಿನ ನಟ್ಟನಡುವೆ ಇರುವುದರಿಂದ ಅದನ್ನು ಬಳಸಿಕೊಂಡು ಹೋಗುವುದೇ ಒಂದು ಕೆಲಸ. ಲೈಬ್ರರಿಗೆ ಐದು ನಿಮಿಷದ ದಾರಿ ನನಗೆ ಹದಿನೈದು ನಿಮಿಷ. ಈ ವರ್ಷ ಪಿಂಚಣಿ ಕಚೇರಿಯನ್ನೇ ಅದರ ಮೂರನೇ ಮಹಡಿಗೆ ತಂದು ಕೂರಿಸಿದ್ದಾರೆ. ಮೇಲಿನ ಮಳಿಗೆಗಳಿಗೆ ಬಾಡಿಗೆಗೆ ಯಾರೂ ಬರುತ್ತಿಲ್ಲವಂತೆ. ವರ್ಷಕ್ಕೊಮ್ಮೆ ಪಿಂಚಣಿಯವರು ಹೋಗಿ, ನಾವಿನ್ನೂ ಬದುಕಿದ್ದೇವೆ ಎಂದು ಮುಖ ತೋರಿಸಿ ರುಜು ಹಾಕಬೇಕು. ನಾನು ಇದ್ದೇನೆ ಎಂದು ಸಾಬೀತು ಮಾಡುವುದಕ್ಕೆ, ನೀವು ಯಾರೂ ಇರಲೇ ಇಲ್ಲ ಎಂದು ತೀರ್ಮಾನವಾದ ಜಾಗಕ್ಕೇ ಹೋಗಬೇಕಾಯಿತು. ಒಳಗೆ ನೆಲ ಹೊಳೆಯುತ್ತದೆ, ಜಾರುತ್ತದೆ ಕೂಡ. ಬಟ್ಟೆ ಅಂಗಡಿಯ ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರುತ್ತಾರೆ, ಕೂರಲು ಒಂದು ಸ್ಟೂಲು ಇಟ್ಟಿಲ್ಲ. ಯಾಕಮ್ಮ ಎಂದು ಒಬ್ಬಳನ್ನು ಕೇಳಿದೆ. "ಕೂತ್ರೆ ಕ್ಯಾಮೆರಾದಲ್ಲಿ ಕಾಣುತ್ತೆ ಆಂಟಿ" ಎಂದಳು. ದಿನವಿಡೀ ನಿಂತಿರುವುದು ಆ ಕ್ಯಾಮೆರಾಕ್ಕೆ ಕಾಣುವುದಿಲ್ಲವೇನೋ.

ಎಸ್ಕಲೇಟರಿನ ಪಕ್ಕದ ಗೋಡೆಯ ಮೇಲೆ, ಇಪ್ಪತ್ತೈದು ವರ್ಷ ತುಂಬಿದ ಸಂಭ್ರಮಕ್ಕೆಂದು, 'ನಮ್ಮ ಇತಿಹಾಸ' ಅಂತ ಒಂದು ಪ್ರದರ್ಶನ ಮಾಡಿದ್ದಾರೆ. ನಡುವೆ ಎರಡಾಳೆತ್ತರದ ಒಂದು ನಕ್ಷೆ. ನಗರಸಭೆಯ ಹಳೆಯ ನಕ್ಷೆಯನ್ನು ದೊಡ್ಡದು ಮಾಡಿ ಅಂಟಿಸಿದ್ದಾರೆ. ಸುತ್ತಲಿನ ಬೀದಿಗಳು, ಕಟ್ಟಡಗಳು ಎಲ್ಲ ಅಚ್ಚುಕಟ್ಟಾಗಿವೆ. ಮಧ್ಯದಲ್ಲಿ ನಮ್ಮ ರಿಪೇರಿ ಬಯಲು ಇರಬೇಕಾದಲ್ಲಿ ಬರೀ ಬಿಳುಪು. ಕೆಳಗೆ ಬರೆದಿದ್ದಾರೆ: 'ಮಾಲ್ ಬರುವ ಮೊದಲು: ಹಾಳುಬಿದ್ದ ಖಾಲಿ ಜಾಗ.' ಆ ಬಿಳುಪಿನ ಮೂಲೆಯಲ್ಲಿ ಒಂದೇ ಒಂದು ಪುಟ್ಟ ಚೌಕವಿದೆ. ಅದಕ್ಕೆ ಬಾಣದ ಗುರುತು ಹಾಕಿ 'ಪುರಾತನ ಕಟ್ಟಡದ ಕುರುಹು' ಎಂದು ಚಿನ್ನದ ಬಣ್ಣದಲ್ಲಿ ಬರೆಸಿದ್ದಾರೆ. ಪಿನ್ನು, ಅದು ಮೂತ್ರಾಲಯ. ಅದರ ಮುಂದೆ ಒಂದು ಜೋಡಿ ತಲೆಗೆ ತಲೆ ತಾಗಿಸಿ ಫೋಟೋ ತೆಗೆದುಕೊಳ್ಳುತ್ತಿತ್ತು. ನಾನು ಅಲ್ಲೇ ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಕಾವಲಿನವನು ಹತ್ತಿರ ಬಂದು "ಹುಷಾರಿದೀರಾ ಅಮ್ಮಾ?" ಎಂದು ಕೇಳಿದ. ಆಮೇಲೆ ನಗು ತಾನಾಗಿ ನಿಂತಿತು.

ಖಾಲಿ ಜಾಗವಂತೆ. ನಗರಸಭೆಯ ಹಳೆಯ ನಡಾವಳಿ ಸಂಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು. ಲೈಬ್ರರಿಯವರು ಕೊಟ್ಟಾಗ ಕೆಲವು ಪುಟಗಳ ಅಂಟಿಕೊಂಡ ಅಂಚು ಕೂಡ ಯಾರೂ ಬಿಡಿಸಿರಲಿಲ್ಲ. ಅಲ್ಲಿ ಮೊದಲು ಇದ್ದದ್ದು ಕೆರೆ. ಜ್ವರ ಹಬ್ಬಿಸುತ್ತದೆ ಎಂದು ಅದನ್ನು ಊರಿನ ಬೂದಿ, ಒಡೆದ ಹೆಂಚು, ಇಟ್ಟಿಗೆಚೂರು ಸುರಿದು ಆರು ವರ್ಷ ತುಂಬಿಸಿದರು. ಸುತ್ತಲಿನ ನೀರು ಎಲ್ಲಿಗೆ ಹೋಗಬೇಕು ಎಂದು ಸದಸ್ಯರೊಬ್ಬರು ಕೇಳಿದ್ದಾರೆ. 'ನೀರು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ' ಎಂದು ಅಧ್ಯಕ್ಷರ ಉತ್ತರ ದಾಖಲಾಗಿದೆ. ಅದು ನೋಡಿಕೊಂಡಿದೆ, ಮಾಲ್‌ನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಕಡೆ ಪ್ರತಿ ವರ್ಷ ಪಂಪು ಇಟ್ಟು ನೀರೆತ್ತುತ್ತಾರೆ. ಕೆರೆ ಮುಚ್ಚಿದ ಮೇಲೆ ಅದು ಕುದುರೆಗಾಡಿಗಳ ನಿಲ್ದಾಣವಾಯಿತು. ಗಾಡಿಯವರಿಗಾಗಿ ಕಟ್ಟಿಸಿದ್ದೇ ಆ ಇಟ್ಟಿಗೆಯ ಮೂತ್ರಾಲಯ. ಯುದ್ಧದ ಕಾಲದಲ್ಲಿ ರೇಷನ್ ಡಿಪೋ. ಅಮ್ಮ ಮೂರು ಗಂಟೆ ಸಾಲಿನಲ್ಲಿ ನಿಂತದ್ದನ್ನು ಹೇಳುತ್ತಿದ್ದಳಲ್ಲ, ಅದು ಅಲ್ಲೇ. ಯುದ್ಧ ಮುಗಿದ ಮೇಲೂ ಹೊಸ ಸಾಮಾನು ಸಿಗುತ್ತಿರಲಿಲ್ಲ, ಇದ್ದದ್ದನ್ನೇ ರಿಪೇರಿ ಮಾಡಿಸಿಕೊಳ್ಳಬೇಕು. ಹಾಗೆ ಮೊದಲು ಒಬ್ಬ ಬೀಗದವನು ಬಂದು ಕೂತ. ಅವನ ಪಕ್ಕದಲ್ಲಿ, ಸೀಮೆಎಣ್ಣೆ ಸ್ಟೌ ರಿಪೇರಿ ಮಾಡುವ ನಮ್ಮ ಅಪ್ಪ. ನಾಲ್ಕು ಕಂಬ, ಮೇಲೆ ತಗಡು. ಮೂವತ್ತೆಂಟು ವರ್ಷದಲ್ಲಿ ಅದು ನೂರಹನ್ನೆರಡು ಅಂಗಡಿಯಾಯಿತು. ನಗರಸಭೆ ಸಾಲಾಗಿ ನಂಬರು ಹಾಕಿದಾಗ ಅರವತ್ತೊಂದು ನಮ್ಮದಾಯಿತು.

ನಿನಗೆ ಇದನ್ನೆಲ್ಲ ನಾನು ಹೇಳಬೇಕೆ? ಆದರೂ ಬರೆಯಬೇಕೆನ್ನಿಸುತ್ತದೆ. ಅಪ್ಪ ಸ್ಟೌಗೆ ಗಾಳಿ ಹಾಕಿ, ಕಿವಿ ಹತ್ತಿರ ಹಿಡಿದು, "ಕೆಮ್ತಾ ಇದೆ, ಗಂಟಲು ನೋಡ್ಬೇಕು" ಎನ್ನುತ್ತಿದ್ದ ರೀತಿ. ಬಯಲಿನಲ್ಲಿ ಯಾರೂ ಯಾವ ವಸ್ತುವನ್ನೂ ಕೆಟ್ಟಿದೆ ಎನ್ನುತ್ತಿರಲಿಲ್ಲ, ಸುಸ್ತಾಗಿದೆ ಎನ್ನಬೇಕು. ಹೊಸಬ ಗಿರಾಕಿ ಬಂದು ಕೆಟ್ಟಿದೆ ಎಂದರೆ ಅಕ್ಕಪಕ್ಕದ ಅಂಗಡಿಯವರೆಲ್ಲ ಒಟ್ಟಿಗೆ ತಿದ್ದುತ್ತಿದ್ದರು. ಅಪ್ಪ ಹೋದ ಮೇಲೆ ಆ ಜಾಗದಲ್ಲಿ ನೀನು ಕೂತೆ, ಬಾಯಲ್ಲಿ ಸ್ಟೌ ಪಿನ್ನು ಕಚ್ಚಿಕೊಂಡೇ ಗಿರಾಕಿಗಳ ಜೊತೆ ಮಾತಾಡುತ್ತಿದ್ದೆ. ಎದುರಿನ ಕೊಡೆಯಕ್ಕ ಕೊಡೆಯ ಕಡ್ಡಿಗೆ ಬಟ್ಟೆ ಹೊಲಿಯುತ್ತಾ, "ಲೇ ಪಿನ್ನು, ಅದನ್ನ ಉಗುಳಿ ಮಾತಾಡೋ. ನುಂಗ್ಬಿಟ್ರೆ ನಿನ್ನ ರಿಪೇರಿ ಮಾಡೋರು ಈ ಬಯಲಲ್ಲಿ ಯಾರೂ ಇಲ್ಲ" ಎಂದು ಕೂಗುತ್ತಿದ್ದಳು. ಆ ಹೆಸರು ನಿನಗೆ ಅಂಟಿದ್ದು ಹಾಗೆ. ನಿನ್ನ ನಿಜವಾದ ಹೆಸರು ನಮಗೆ ನೆನಪಾದದ್ದು ಜಾಗ ಖಾಲಿ ಮಾಡಿ ಎಂದು ನಗರಸಭೆಯಿಂದ ನೋಟೀಸು ಬಂದ ದಿನ.

ಮಾಲ್‌ನಿಂದ ಮನೆಗೆ ಬಂದವಳು ಮ್ಯಾನೇಜರ್‌ಗೆ ನಾಲ್ಕು ಪುಟದ ಪತ್ರ ಬರೆದೆ. ಕೆರೆಯಿಂದ ಹಿಡಿದು ಕೊಡೆಯಕ್ಕನವರೆಗೆ, ಇಸವಿ, ಸಂಪುಟ, ಪುಟ ಸಂಖ್ಯೆ ಸಮೇತ. ಕೋಪದಲ್ಲಿ ಬರೆದರೆ ನನ್ನ ಭಾಷೆ ಚೆನ್ನಾಗಿರುತ್ತದೆ ಎಂದು ನೀನೇ ಹೇಳುತ್ತಿದ್ದೆ. ಇಂಥ ಪತ್ರಗಳಿಗೆ ಉತ್ತರ ಬರುವುದಿಲ್ಲ ಎಂಬ ಧೈರ್ಯವೂ ಇತ್ತು. ಆದರೆ ಮ್ಯಾನೇಜರ್ ಕರೆಸಿದಳು. ಮೂವತ್ತರ ಆಸುಪಾಸಿನ ಹುಡುಗಿ, ಕುರ್ಚಿ ಹಾಕಿ ಕೂರಿಸಿದಳು, ನೀರು ಕೊಟ್ಟಳು. "ನಿಮ್ಮ ಪತ್ರ ನಮ್ಮ ಆಫೀಸಲ್ಲಿ ಎಲ್ಲರೂ ಓದಿದ್ವಿ ಮೇಡಂ. ಮೂತ್ರಾಲಯದ ಬೋರ್ಡು ಆಗಲೇ ತೆಗೆಸಿದೀನಿ. ಆದ್ರೆ ಅಂಗಡಿಗಳ ವಿಷಯ ಬೇರೆ. ಇದು ಸರ್ಕಾರಿ ನಕ್ಷೆ, ಇದರಲ್ಲಿ ಖಾಲಿ ಅಂತಿದೆ. ಮೂಲೇಲಿ ನಕ್ಷೆ ತೆಗೆದೋರ ಇನಿಷಿಯಲ್ ಇದೆ ನೋಡಿ. ಅವರೇ ಬಂದು ತಪ್ಪು ಅಂತ ಬರೆದುಕೊಟ್ರೆ ನಾಳೇನೇ ಗೋಡೆ ಬದಲಾಯಿಸ್ತೀನಿ. ಅವರು ಯಾರು ಅಂತ ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದಳು.

ಅದು ನನ್ನ ಇನಿಷಿಯಲ್ಲು, ಪಿನ್ನು. ಆ ನಕ್ಷೆ ಬರೆದದ್ದು ನಾನು.

ನಗರಸಭೆಯ ನಕ್ಷೆ ವಿಭಾಗದಲ್ಲಿ ನನ್ನ ಕೆಲಸ ಏನಿತ್ತು ಎಂದು ಮನೆಯಲ್ಲಿ ಯಾರೂ ಸರಿಯಾಗಿ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸರ್ವೆಯವರು ಬಯಲಿನಲ್ಲಿ ಅಳೆದು ಪೆನ್ಸಿಲಿನಲ್ಲಿ ಬರೆದು ತಂದ ಹಾಳೆಯ ಮೇಲೆ ಮೇಣ ಹಚ್ಚಿದಂಥ ತೆಳು ಬಟ್ಟೆ ಹಾಸಿ, ಶಾಯಿಯಲ್ಲಿ ಗೆರೆಯ ಮೇಲೆ ಗೆರೆ ಎಳೆದು ಶುದ್ಧಪ್ರತಿ ತೆಗೆಯುವುದು. ಅಳತೆ ನಮ್ಮದಲ್ಲ, ತೀರ್ಮಾನ ನಮ್ಮದಲ್ಲ. ಕೈ ಮಾತ್ರ ನಮ್ಮದು. ಇಟ್ಟಿಗೆ, ಕಲ್ಲಿನ ಕಟ್ಟಡಕ್ಕೆ ಗಟ್ಟಿ ಗೆರೆ. ತಗಡು, ಚಾಪೆ, ಟಾರ್ಪಾಲಿನದಕ್ಕೆ ಚುಕ್ಕೆ ಗೆರೆ, ಅಂದರೆ ತಾತ್ಕಾಲಿಕ. ನೋಟೀಸು ಬರುವುದಕ್ಕೆ ಆರು ವರ್ಷ ಮುಂಚೆ ನಡೆದ ಸರ್ವೆಯ ಹಾಳೆಯಲ್ಲಿ ನಮ್ಮ ನೂರಹನ್ನೆರಡು ಅಂಗಡಿಗಳೂ ಇದ್ದವು, ಒಂದೊಂದೂ ಚುಕ್ಕೆ ಗೆರೆಯ ಚೌಕ. ಆ ಹಾಳೆಯ ಶುದ್ಧಪ್ರತಿ ತೆಗೆಯಲು ನನಗೆ ಕೊಟ್ಟದ್ದು ನೋಟೀಸು ಬಂದ ವರ್ಷ. ನಮ್ಮ ಹೆಡ್ ಕೈಯಲ್ಲಿ ಯಾವಾಗಲೂ ಮೂರಡಿ ಅಳತೆಪಟ್ಟಿ ಹಿಡಿದಿರುತ್ತಿದ್ದ, ಅವನಿಗೆ ನಾವು ದೊಡ್ಡ ಸ್ಕೇಲು ಎನ್ನುತ್ತಿದ್ದೆವು. ಅವನು ಬಂದು ಮೇಜಿನ ಮೇಲೆ ಅಳತೆಪಟ್ಟಿ ಒರಗಿಸಿ, "ಚುಕ್ಕೆ ಎಲ್ಲ ಬಿಟ್ಬಿಡಮ್ಮ. ತಾತ್ಕಾಲಿಕದ್ದು ಶುದ್ಧಪ್ರತೀಲಿ ಬೇಡ, ಕಣ್ಣಿಗೆ ಕಿರಿಕಿರಿ" ಎಂದ. ಚರಂಡಿ ಕೆಲಸಕ್ಕೆ ಬೇಕಾದ ನಕ್ಷೆ ಎಂದೂ ಹೇಳಿದ. ನಾನು ಅದನ್ನು ನಂಬಿದೆ ಎಂದು ನಿನಗೆ ಬರೆದರೆ ಈ ಪತ್ರಕ್ಕೆ ಅರ್ಥವಿಲ್ಲ. ಫೈಲಿನ ಹೊರಮೈಯಲ್ಲಿ 'ಉದ್ದೇಶಿತ ವಾಣಿಜ್ಯ ಸಂಕೀರ್ಣ' ಎಂದು ದೊಡ್ಡಕ್ಷರದಲ್ಲಿ ಇತ್ತು. ನನಗೆ ಓದಲು ಬರುತ್ತದೆ.

ಯಾಕೆ ಮಾಡಿದೆ ಎಂದು ನೀನು ಕೇಳುತ್ತೀಯ. ಹನ್ನೊಂದು ವರ್ಷದಿಂದ ನಾನೂ ಆ ಕಚೇರಿಯಲ್ಲಿ ತಾತ್ಕಾಲಿಕವೇ ಆಗಿದ್ದೆ. ಆರು ತಿಂಗಳಿಗೊಮ್ಮೆ ಒಂದು ದಿನ ಬಿಡಿಸಿ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ನನ್ನ ಖಾಯಂ ಆದೇಶದ ಕಾಗದ ಅದೇ ವಾರ ದೊಡ್ಡ ಸ್ಕೇಲಿನ ಮೇಜಿನ ಮೇಲಿತ್ತು. ಅವನು ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ, ಆ ಮಾತೇ ಎತ್ತಲಿಲ್ಲ. ಎರಡೂ ಕಾಗದ ಒಂದೇ ಮೇಜಿನ ಮೇಲಿದ್ದವು, ಅಷ್ಟೆ. ಅಮ್ಮ ಹಾಸಿಗೆ ಹಿಡಿದಿದ್ದಳು. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು. ಅರವತ್ತೊಂದನೆಯ ಚೌಕದ ಮೇಲೆ ಪೆನ್ನು ಒಂದು ಕ್ಷಣ ನಿಂತಿತು, ಶಾಯಿ ಒಣಗುತ್ತದೆ ಎಂದು ಮುಂದೆ ಹೋದೆ. ಒಂದೇ ಒಂದು ಗೆರೆಯನ್ನೂ ನಾನು ತಪ್ಪಾಗಿ ಎಳೆಯಲಿಲ್ಲ. ಎಳೆಯಬೇಕಾದದ್ದನ್ನು ಎಳೆಯಲಿಲ್ಲ. ಸರ್ವೆಯ ಹಳೆಯ ತಾರೀಕನ್ನೇ ಮೂಲೆಯಲ್ಲಿ ಬರೆದು, ಇನಿಷಿಯಲ್ ಹಾಕಿ ಕೊಟ್ಟೆ. ಹನ್ನೊಂದನೆಯ ದಿನ ನನ್ನ ಆದೇಶ ಬಂತು. ನೀನು ಬೇಕರಿಯಿಂದ ಕೇಕು ತಂದು, ಬಯಲಿನವರಿಗೆಲ್ಲ ಹಂಚಿ, "ನಮ್ಮಕ್ಕ ಪರ್ಮನೆಂಟು" ಎಂದು ಹೇಳಿಕೊಂಡು ತಿರುಗಿದೆ.

ಇದು ತಪ್ಪು, ಆದರೆ ದೊಡ್ಡ ತಪ್ಪು ಇದಲ್ಲ. ಸರ್ವೆ ಆದಾಗ ಇದ್ದವರಿಗೆ ಮಾತ್ರ ಹೊಸ ಕಟ್ಟಡದಲ್ಲಿ ಜಾಗ, ಆಮೇಲೆ ಬಂದು ಕೂತವರಿಗೆ ಇಲ್ಲ ಎಂದು ನಗರಸಭೆ ಹೇಳಿತಲ್ಲ. ವಿಚಾರಣೆಗೆ ಎಲ್ಲರ ಪರವಾಗಿ ಮಾತಾಡಲು ನಿನ್ನನ್ನು ಆರಿಸಿದರು. ಅಪ್ಪನ ಕಂದು ಕೋಟು ಹಾಕಿಕೊಂಡು ಹೊರಟೆ. ಆ ಕೋಟಿಗೆ ಇಸ್ತ್ರಿ ಹಾಕಿಕೊಟ್ಟವಳು ನಾನು. ಅಂಗಡಿಯ ಬಾಗಿಲಿನಿಂದ ಬಿಚ್ಚಿದ ಅರವತ್ತೊಂದನೇ ನಂಬರಿನ ತಗಡನ್ನು ನೀನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ, ನಗರಸಭೆಯವರೇ ಬರೆದ ನಂಬರು, ಇದಕ್ಕಿಂತ ಸಾಕ್ಷಿ ಬೇಕೆ ಎಂದು. ಚುಕ್ಕೆಗಳಿರುವ ಮೂಲ ಹಾಳೆ ನಮ್ಮ ವಿಭಾಗದ ಒಂಬತ್ತನೇ ಕಪಾಟಿನ ಕೆಳಗಿನ ಅರೆಯಲ್ಲಿದೆ ಎಂದು ಆಗ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ, ಹಾಗಾದರೆ ಶುದ್ಧಪ್ರತಿ ಬರೆದವರು ಯಾರು ಎಂದು ನೀನು ಕೇಳುತ್ತಿದ್ದೆ. ಕಾಲರಿನ ಮೇಲೆ ಇನ್ನೊಂದು ಸಲ ಇಸ್ತ್ರಿ ಆಡಿಸಿದೆ.

ಅಲ್ಲಿ ನಡೆದದ್ದನ್ನು ಮನೆಗೆ ಬಂದು ನೀನೇ ಹೇಳಿದೆ, ಒಂದೇ ಸಲ, ಆಮೇಲೆ ಎಂದೂ ಹೇಳಲಿಲ್ಲ. ಅಧಿಕಾರಿ ತಗಡನ್ನು ತಿರುಗಿಸಿ ನೋಡಿ, "ನಂಬರ್ ಯಾರ್ ಬೇಕಾದ್ರೂ ಬರೀಬಹುದು. ನಕ್ಷೆ ನೋಡಿ, ಸರ್ವೆ ಮಾಡಿದಾಗ ಒಂದು ಮೂತ್ರಾಲಯ ಬಿಟ್ರೆ ಏನೂ ಇಲ್ಲ. ಮೂವತ್ತೆಂಟು ವರ್ಷ ಅದರೊಳಗೆ ಇದ್ರಾ?" ಎಂದ. ಕೋಣೆಯಲ್ಲಿ ಇದ್ದವರೆಲ್ಲ ನಕ್ಕರು, ನಮ್ಮ ಬಯಲಿನವರೂ ಒಬ್ಬಿಬ್ಬರು ತಡೆಯಲಾರದೆ ನಕ್ಕರು. ಆ ಕಚೇರಿಯಿಂದ ಬಯಲಿಗೆ ಹತ್ತು ನಿಮಿಷದ ನಡಿಗೆ. ಅಧಿಕಾರಿಗಳಲ್ಲಿ ಒಬ್ಬನೂ ಎದ್ದು ಬಂದು ಅಲ್ಲಿ ಯಾರನ್ನೂ ಕೇಳಲಿಲ್ಲ. ಅಂದು ಸಂಜೆ ನೀನು ಕೋಟು ಬಿಚ್ಚಿ ಮೊಳೆಗೆ ಹಾಕಿ, "ಅಕ್ಕಾ, ಆ ನಕ್ಷೆ ಬರೆದ ಕೈ ಯಾರದೋ, ಅವರ ಮುಖ ನಾನು ಒಂದ್ಸಲ ನೋಡ್ಬೇಕು" ಎಂದೆ. ನೀನು ನನ್ನ ಮುಖವನ್ನೇ ನೋಡಿಕೊಂಡು ಅದನ್ನು ಹೇಳಿದೆ. ಮೂರು ವಾರಕ್ಕೆ ನೀನು ಊರು ಬಿಟ್ಟೆ. ಕೊಡೆಯಕ್ಕ ತಗಡು ಕೀಳುವ ದಿನ ಕಂಬ ಹಿಡಿದು ನಿಂತಿದ್ದವಳು, ಆಮೇಲೆ ಎಲ್ಲಿ ಹೋದಳು ಎಂದು ಯಾರಿಗೂ ತಿಳಿಯಲಿಲ್ಲ. ಅಷ್ಟೂ ವರ್ಷ ನಾನು ಮಾಲ್‌ನ ಮಾಲೀಕರನ್ನು ಬೈದೆ, ನಗರಸಭೆಯನ್ನು ಬೈದೆ, ಪತ್ರಿಕೆಗಳ ಸಂಪಾದಕರಿಗೆ ಪತ್ರ ಬರೆದೆ. ಬೈದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೈಯುವವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ.

ಮ್ಯಾನೇಜರ್ ಕೇಳಿದ ದಿನ, ಗೊತ್ತಿಲ್ಲ ಎಂದು ಹೇಳಿ ಎದ್ದು ಬಂದೆ. ಹೌದು, ಈ ವಯಸ್ಸಿನಲ್ಲಿಯೂ. ಮೂರು ದಿನ ಬಿಟ್ಟು ಮತ್ತೆ ಹೋಗಿ, "ಅದು ನಂದೇ ಅಮ್ಮ" ಎಂದೆ. ಅವಳು ಒಳ್ಳೆಯ ಹುಡುಗಿ, ಗಾಬರಿಯಾದಳು. ಹೇಳಿಕೆಯನ್ನು ತಾನೇ ಟೈಪು ಮಾಡಿ ತಂದಳು. 'ಕಣ್ತಪ್ಪಿನಿಂದ ಬಿಟ್ಟುಹೋಗಿರುವ' ಎಂದಿತ್ತು. ನಾನು ಕಣ್ತಪ್ಪಿನಿಂದ ಎಂಬುದನ್ನು ಹೊಡೆದುಹಾಕಿ 'ಗೊತ್ತಿದ್ದೂ' ಎಂದು ಬರೆದೆ. "ಇದು ಗೋಡೆ ಮೇಲೆ ಹೋಗುತ್ತೆ, ಬೇಕಾ ಮೇಡಂ?" ಎಂದು ಎರಡು ಸಲ ಕೇಳಿದಳು. ಬೇಕು ಎಂದೆ. ಒಂದನೇ ತಾರೀಕು ಹಳೆಯ ನಕ್ಷೆ ತೆಗೆದು, ಚುಕ್ಕೆ ಗೆರೆಗಳಿರುವ ಹೊಸ ನಕ್ಷೆ, ಪಕ್ಕದಲ್ಲಿ ನನ್ನ ಹೇಳಿಕೆ ಹಾಕುತ್ತಾರೆ. ಹೊಸದನ್ನೂ ನಾನೇ ಬರೆಯುತ್ತಿದ್ದೇನೆ. ಕೈ ನಡುಗುವುದರಿಂದ ದಿನಕ್ಕೆ ಆರೇಳು ಅಂಗಡಿ ಆಗುತ್ತದೆ. ಒಂದೊಂದು ಚೌಕದೊಳಗೂ ಅಲ್ಲಿದ್ದವರ ಕಸುಬು ಬರೆಯುತ್ತಿದ್ದೇನೆ: ಬೀಗ, ಕೊಡೆ, ಕನ್ನಡಕ, ಹಾರ್ಮೋನಿಯಂ, ಬೊಂಬೆಗಳ ಕೈಕಾಲು.

ಕ್ಷಮಿಸು ಎಂದು ಬರೆಯಲು ಹೋಗುವುದಿಲ್ಲ. ಅದು ನಿನ್ನಿಂದ ಇನ್ನೊಂದು ಕೆಲಸ ಮಾಡಿಸಿಕೊಂಡ ಹಾಗೆ. ನೀನು ನೋಡಬೇಕು ಎಂದಿದ್ದ ಮುಖ ಇದು ಎಂದು ತಿಳಿಸಿದ್ದೇನೆ, ಅಷ್ಟೆ. ನಾದಿನಿಗೆ ನನ್ನ ನೆನಪು ಹೇಳು. ಮಗಳಿಗೆ ನನ್ನ ಆಶೀರ್ವಾದ. ಅತ್ತೆಯ ಈ ಪತ್ರವನ್ನು ಅವಳಿಗೂ ಓದಲು ಕೊಡು, ಬಚ್ಚಿಡಬೇಡ. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ನಿಲ್ಲಿಸಬೇಡ. ನೂರು ವರ್ಷ ನೆಮ್ಮದಿಯಾಗಿರು.

ನಿನ್ನ
ಅಕ್ಕ

ಮರೆತ ಮಾತು: ಅಂಚೆಯವನು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಒಂಬತ್ತನೇ ಕಪಾಟಿನ ಆ ಮೂಲ ಹಾಳೆ ಸಿಕ್ಕಿದೆ, ಆದರೆ ಮಡಿಕೆ ಬಿದ್ದಲ್ಲಿ ಗೆದ್ದಲು ತಿಂದು ಒಂದು ಪಟ್ಟಿಯೇ ಇಲ್ಲ. ಮೂತ್ರಾಲಯದ ಹಿಂದಿನ ಸಾಲು, ಎಂಬತ್ತಮೂರರಿಂದ ತೊಂಬತ್ತರವರೆಗೆ, ಎಂಟು ಅಂಗಡಿ. ಅಲ್ಲಿ ಯಾರು ಯಾರಿದ್ದರು ಎಂದು ನನಗೆ ತಿಳಿಯದು. ನಾನು ಆ ಕಡೆ ಬರುತ್ತಿರಲಿಲ್ಲ, ನಿನಗೆ ಗೊತ್ತು. ಇಪ್ಪತ್ತೆಂಟಕ್ಕೆ ನಕ್ಷೆ ಕೊಡಬೇಕು. ನನಗೆ ಬರೆಯಲು ಮನಸ್ಸಿಲ್ಲದಿದ್ದರೆ ನೇರವಾಗಿ ಮ್ಯಾನೇಜರ್‌ಗೇ ಕಳಿಸು, ವಿಳಾಸ ಲಕೋಟೆಯ ಒಳಗಿದೆ. ಒಂದು ಕಾರ್ಡು ಸಾಕು, ಅಕ್ಕ ಎಂದು ಬರೆಯಬೇಕಿಲ್ಲ, ನಂಬರು ಮತ್ತು ಕಸುಬು ಮಾತ್ರ. ಊಹಿಸಿ ತುಂಬಿಸುವುದಿಲ್ಲ, ಆ ಎಂಟನ್ನು ಖಾಲಿ ಬಿಟ್ಟು ನಕ್ಷೆ ಕೊಡುವುದೂ ಇಲ್ಲ. ನಿನ್ನಿಂದ ಬರುವವರೆಗೆ ನಕ್ಷೆ ನನ್ನ ಮೇಜಿನ ಮೇಲೇ ಇರುತ್ತದೆ.